ಎಲ್ಲಿಂದ ಶುರು

ಬೆಲೆಂ ಪಟ್ಟಣಕ್ಕೆ ಮಧ್ಯಾಹ್ನದ ಮಳೆ ಬಂದು ಹೋಯಿತು.
ಕರೆಂಟು ಹೋಗಿ ಬಂತು.
ನನ್ನ ಯಂತ್ರ ಮತ್ತೆ ಒಂದರಿಂದ ಎಣಿಸತೊಡಗಿತು.

ಸೀಸೆಯಲ್ಲಿ ಸಿಗಡಿ, ನಂಬರು ಹದಿನಾಲ್ಕು.
ಹೊಳೆಯಲ್ಲಿದ್ದಾಗ ಗಾಜು,
ಮದ್ಯಸಾರದಲ್ಲಿ ಈಗ ತಂಗಳನ್ನದ ಬಣ್ಣ.
ಬಾಲದಿಂದ ಚೂರು ಕತ್ತರಿಸಿಕೊಂಡಿದ್ದೇನೆ,
ಕಿರುಬೆರಳ ಉಗುರಿನರ್ಧ.
ಅಷ್ಟರಿಂದ ನಾಲ್ಕು ಕೋಟಿ ತುಣುಕು,
ಒಂದೊಂದರಲ್ಲೂ ನೂರೈವತ್ತು ಅಕ್ಷರ,
ಸಿಟ್ಟಿನಲ್ಲಿ ಹರಿದೆಸೆದ ಕಾಗದ,
ಯಾವುದಕ್ಕೂ ಪುಟಸಂಖ್ಯೆ ಇಲ್ಲ.

ನನಗೆ ಬೇಕಾದದ್ದು ಅದರಲ್ಲೊಂದು ಸಣ್ಣ ಬಳೆ:
ಹದಿನೈದು ಸಾವಿರ ಚಿಲ್ಲರೆ ಅಕ್ಷರ, ಮೂವತ್ತೇಳು ಜೀನು,
ಜೀವಕೋಶದ ಒಲೆಯೊಳಗೆ ತಾಯಿ ಇಟ್ಟುಹೋದದ್ದು.
ತುಣುಕಿನ ಬಾಲಕ್ಕೆ ತುಣುಕಿನ ತಲೆ ಹೊಂದಿಸುತ್ತ
ಯಂತ್ರ ಸಲೀಸಾಗಿ ಹೋಗುತ್ತದೆ.
ಆಮೇಲೆ ಆ ಜಾಗ:
ಯಾವ ಜೀನೂ ಇಲ್ಲದ ಬಯಲು,
ಎ ಟಿ ಎ ಟಿ ಟಿ ಎ ಟಿ ಎ ಎ ಟಿ
ಹಲ್ಲು ಬಾರದ ಮಗುವಿನ ತೊದಲು.
ಎಲ್ಲಿಟ್ಟರೂ ಕೂರುತ್ತದೆ,
ಹಾಗಾಗಿ ಎಲ್ಲೂ ಕೂರುವುದಿಲ್ಲ.
ಬಳೆ ಕಡ್ಡಿಯಾಗಿಯೇ ಉಳಿಯುತ್ತದೆ.

ಮೂರು ವಾರ ಹೀಗೆ.
ಪ್ರೊಫೆಸರ್ ಎವೆರಾಲ್ಡೊ ಕಾಫಿಲೋಟ ಹಿಡಿದು ಬಂದು
"ಅಷ್ಟು ಖಾಲಿ ಬಿಟ್ಟು ಕಳಿಸು, ಯಾರು ನೋಡುತ್ತಾರೆ" ಎಂದರು.
ನದಿಯ ಮೂಲ ಕೇಳಬಾರದಂತೆ.
ಸಿಗಡಿಯ ಮೂಲ ಕೇಳುವುದಕ್ಕೆ ನನಗೆ ಸಂಬಳ,
ಅದೂ ಎರಡು ತಿಂಗಳಿಂದ ಬಂದಿಲ್ಲ.

ದೋಣಿ ಹತ್ತಿದೆ.

ಗ್ವಾಮಾ ಹೊಳೆಯ ಆಚೆ, ಕಂಬಗಳ ಮೇಲಿನ ಮನೆಯಲ್ಲಿ
ಡೋನ ಓಸ್ಕರೀನ ಮತಪಿ ಹೆಣೆಯುತ್ತಿದ್ದಳು.
ಅರುಮಾ ದಂಟಿನ ಸೀಳು, ಬಳ್ಳಿಯ ಕಟ್ಟು,
ಎರಡೂ ತುದಿಗೆ ಒಳಮುಖದ ಬಾಯಿ:
ಹೋಗಲು ದಾರಿಯುಂಟು, ಬರಲು ಇಲ್ಲ.
ಒಳಗೆ ಬಬಸ್ಸು ಹಿಟ್ಟಿನ ಉಂಡೆ, ಎಲೆಯಲ್ಲಿ ಸುತ್ತಿ,
ವಾಸನೆಯಷ್ಟೇ ಹೊರಡಲೆಂದು ಅಲ್ಲಲ್ಲಿ ಚುಚ್ಚಿ.

"ಇನ್ನೊಂದು ಬೇಕಿತ್ತು, ಜೀವಂತ."
"ಹೋದ ಸಲ ಕೊಟ್ಟದ್ದು?"
"ಬಾಲದ ಚೂರು ತೆಗೆದುಕೊಂಡೆವು."
"ಉಳಿದದ್ದು?"
"ಸೀಸೆಯಲ್ಲಿದೆ."
"ಉಪ್ಪೂ ಹಾಕದೆ!"

ಬುಟ್ಟಿಗೆ ಕೈಹಾಕಿ ಒಂದನ್ನು ತೆಗೆದಳು,
ಹೊಟ್ಟೆಯಡಿ ಹಸಿರು ಮೊಟ್ಟೆಗಳ ಗೊಂಚಲು.
ಕಿಟಕಿಯಿಂದ ಹೊಳೆಗೆ ಬಿಟ್ಟಳು.
ಇನ್ನೊಂದು ತೆಗೆದು ನನ್ನ ಡಬ್ಬಿಗೆ ಹಾಕಿದಳು.

ಹೇಳಿದೆ: ಇದು ತಾಯಿಯಿಂದ ತಾಯಿಗೆ ಬಂದ ಬರಹ,
ಗಂಡಿನದು ಒಂದಕ್ಷರವೂ ಇಲ್ಲ.
ಮನೆಯ ಕಂಬ ಅಲುಗುವಂತೆ ನಕ್ಕಳು.
"ಅದನ್ನು ಓದೋಕೆ ಯಂತ್ರ ಬೇಕೇನೇ?
ಈ ದಂಡೆಯ ಮಕ್ಕಳ ಜನನಪತ್ರ ತೆಗೆದು ನೋಡು."

ನನ್ನದೂ ಹಾಗೇ.
ತಾಯಿ: ಜೆನಿಲ್ಡ. ತಂದೆ: ಒಂದು ಗೆರೆ.
ಗುಮಾಸ್ತ ಅಡ್ಡಪಟ್ಟಿ ಇಟ್ಟು ಎಳೆದದ್ದು, ಅಷ್ಟು ನೇರ.
ಅದನ್ನು ಅವಳಿಗೆ ಹೇಳಲಿಲ್ಲ.

ಹದಿನೈದನೇ ನಂಬರನ್ನು ಹಸಿಯಾಗಿಯೇ,
ಕತ್ತರಿಸದೆ ಉದ್ದುದ್ದ ದಾರವಾಗಿ ಓದಿಸಿದೆ.
ಶುಕ್ರವಾರ ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಒಂದೇ ಒಂದು ದಾರ ಆ ಬಯಲನ್ನು ದಾಟಿತು,
ಈ ದಡದ ಜೀನು ಹಲ್ಲಲ್ಲಿ ಕಚ್ಚಿಕೊಂಡು ಆ ದಡದ ತನಕ.
ತೊದಲು ಎಂದುಕೊಂಡದ್ದು
ಒಂದೇ ಮಾತು, ಆರು ಸಲ.
ಕೇಳಿಸಲಿಲ್ಲವೆಂದು ಮತ್ತೆ ಮತ್ತೆ ಹೇಳಿದಂತೆ.

ಬಳೆ ಕೂಡಿತು.
ಕೂಗಬೇಕೆನಿಸಿತು. ಇದ್ದವನು ಕಾವಲಿನ ದೊರಿವಾಲ್,
ಅವನಿಗೆ ನಿದ್ದೆ.

ಈಗ ಅರ್ಜಿ ಕೇಳುತ್ತಿದೆ: ಮೊದಲ ಅಕ್ಷರ ಯಾವುದು?
ಬಳೆಗೆ ಮೊದಲೆಲ್ಲಿ.
ಎಲ್ಲರೂ ಕತ್ತರಿಸುವ ಜೀನಿನ ಬಾಯಲ್ಲೇ
ನಾನೂ ಕತ್ತರಿಸಿದೆ, ಕೈ ಸ್ವಲ್ಪ ತಡೆಯಿತು.
ಸಂಗ್ರಹಿಸಿದವರು? ಓಸ್ಕರೀನ.
ಮನೆತನದ ಹೆಸರು?
ಹನ್ನೊಂದು ವರ್ಷದ ಪರಿಚಯ, ಒಮ್ಮೆಯೂ ಕೇಳಿಲ್ಲ.

ಫೋನು ಮಾಡಿದೆ. ಎತ್ತಲಿಲ್ಲ.
ಹೊಳೆ ಇಳಿಯುವ ಹೊತ್ತು,
ಮತಪಿ ಎತ್ತುತ್ತಿರಬೇಕು.